ಬೆನ್ನಿನ ಸೂಜಿಗೆ ಹೆದರಿ ಕೂತ ತಂಗಿಗೆ

ಹೊಳೆನರಸೀಪುರ
ಸೋಮವಾರ, ನವೆಂಬರ್ 2009

ದಾಕ್ಷಿ,

ಒಲೆಯ ಮೇಲೆ ಹಾಲಿಟ್ಟಿದ್ದರೆ ಇಳಿಸಿ ಬಂದು ಕೂತುಕೊಂಡು ಓದು. ಫೋನಿನಲ್ಲಿ ನಿನ್ನ ಹತ್ತಿರ ಮಾತಾಡಿ ಪ್ರಯೋಜನವಿಲ್ಲ. ನಾನು ಆಸ್ಪತ್ರೆ ಅನ್ನುವಷ್ಟರಲ್ಲಿ "ಆಲು ಉಕ್ತಾ ಐತೆ ಕಣಕ್ಕಾ, ಇಡ್ತೀನಿ" ಅಂತ ಇಟ್ಟೇಬಿಡುತ್ತೀಯ. ನಿಮ್ಮ ಮನೆಯಲ್ಲಿ ಅದೆಷ್ಟು ಹಾಲು ಉಕ್ಕುತ್ತದೋ ನಾ ಕಾಣೆ. ಪತ್ರವಾದರೆ ಹರಿದು ಹಾಕುವ ಮುಂಚೆ ಒಂದು ಸಲವಾದರೂ ಕಣ್ಣಾಡಿಸುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತು.

ಮೊನ್ನೆ ಬಸವರಾಜು ಅಂಗಡಿಯಿಂದ ಫೋನ್ ಮಾಡಿ ಎಲ್ಲ ಹೇಳಿದರು. ಗಂಡನ ಮೇಲೆ ಹರಿಹಾಯಬೇಡ. ಪಾಪ, ಆ ಮನುಷ್ಯ ಕಬ್ಬಿಣದ ಅಂಗಡಿಯಲ್ಲಿ ಗಿರಾಕಿಗಳ ಎದುರಿಗೇ ಅತ್ತುಬಿಟ್ಟರು. ಗೌರಿಹಬ್ಬದ ಹೊತ್ತಿಗೇ ನಿನ್ನ ಎಡಗಡೆಯ ಎದೆಯಲ್ಲಿ ಗಂಟು ಕೈಗೆ ಸಿಕ್ಕಿತ್ತಂತೆ. ಹಾಸನದ ಡಾಕ್ಟರು ಪರೀಕ್ಷೆ ಮಾಡಿಸಿ, ಕ್ಯಾನ್ಸರೇ ಹೌದು, ಆದರೆ ಇನ್ನೂ ಚಿಕ್ಕದು, ಈಗಲೇ ತೆಗೆಸಿದರೆ ಹುಷಾರಾಗುತ್ತೀರಿ ಅಂದರಂತೆ. ನೀನು ಚನ್ನರಾಯಪಟ್ಟಣಕ್ಕೆ ಮರಳಿ, ಶ್ರವಣಬೆಳಗೊಳದ ಕಡೆಯವರು ಯಾರೋ ಕೊಟ್ಟ ಸೊಪ್ಪು ಅರೆದು ಪಟ್ಟು ಹಾಕಿಕೊಂಡು, ಸೆರಗು ಹೊದ್ದು ಕೂತಿದ್ದೀಯಂತೆ. ಕೇಳಿದರೆ, "ನಮ್ಮಕ್ಕನ ಕೈ ಏನಾಯ್ತು ಅಂತ ಕಣ್ಣಾರೆ ಕಂಡಿವ್ನಿ. ಬೆನ್ನಿಗೆ ಸೂಜಿ ಆಕುಸ್ಕಳದಕಿಂತ ಇಂಗೇ ಓದ್ರೂ ವಾಸಿ" ಅನ್ನುತ್ತೀಯಂತೆ. ನನ್ನ ಕೈಯನ್ನೇ ಸಾಕ್ಷಿಗೆ ನಿಲ್ಲಿಸಿದ್ದೀಯ. ಹಾಗಾಗಿ ನನ್ನ ಕೈಯ ಕತೆಯನ್ನು ನಾನೇ ಬರೆಯಬೇಕಾಯಿತು.

ಈ ಭಯ ನಮಗೆ ಎಲ್ಲಿಂದ ಅಂಟಿತು ಅನ್ನುವುದು ಇಬ್ಬರಿಗೂ ಗೊತ್ತು. ತೊಂಬತ್ತಮೂರರಲ್ಲಿ ಅವ್ವನಿಗೆ ಇದೇ ಆಪರೇಷನ್ ಆದಾಗ ನಾನು ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದಿದ್ದೆ. ನೀನಿನ್ನೂ ಅರಕಲಗೂಡಿನ ಮನೆಯಲ್ಲೇ ಇದ್ದೆ. ಅಪ್ಪನ ಆಲೂಗಡ್ಡೆ ಮಂಡಿಯಲ್ಲಿ ಲಾರಿ ಡ್ರೈವರುಗಳನ್ನೇ ಗದರಿಸಿಕೊಂಡು ಕೆಲಸ ಮಾಡಿಸುತ್ತಿದ್ದ ಹೆಂಗಸು ಅವ್ವ. ಆವತ್ತು ಸಂಜೆ ಹಾಸನದ ಆಸ್ಪತ್ರೆಯಲ್ಲಿ ಮತ್ತಿನ ಮದ್ದು ಇಳಿದ ಮೇಲೆ ಅವಳ ಬಾಯಿಂದ ಬಂದ ಸದ್ದು ಅವ್ವನದು ಅಂತ ನಂಬುವುದಕ್ಕೇ ನನಗೆ ಹೊತ್ತು ಹಿಡಿಯಿತು. ಕೂಗುವುದಕ್ಕೂ ತ್ರಾಣವಿರಲಿಲ್ಲ, ಉಸಿರು ಎಳೆದಾಗಲೆಲ್ಲ ಮುಲುಕುತ್ತಿದ್ದಳು. ಕೆಮ್ಮು ಬಂದರೆ ಹೆದರಿ ಸೆರಗು ಕಚ್ಚಿಕೊಳ್ಳುತ್ತಿದ್ದಳು. ನರ್ಸಮ್ಮ ಒಳ್ಳೆಯವರೇ. "ಇಂಜೆಕ್ಷನ್ ಕೊಟ್ಟೀವಿ ಕಣವ್ವ, ಇನ್ನೊಂದು ಕೊಡಕೆ ಇನ್ನೂ ಹೊತ್ತಾಗಬೇಕು" ಅಂತ ಅವರೂ ಕಣ್ಣು ಒರೆಸಿಕೊಂಡರು. ಆ ಕಾಲಕ್ಕೆ ಇದ್ದದ್ದೇ ಅಷ್ಟು. ನೀನು ಕಿವಿ ಮುಚ್ಚಿಕೊಂಡು ನನ್ನ ಮಡಿಲಲ್ಲಿ ಮುಖ ಹುದುಗಿಸಿದೆ. ನನಗೆ ಮುಖ ಇಟ್ಟುಕೊಳ್ಳಲು ಯಾರ ಮಡಿಲೂ ಇರಲಿಲ್ಲ.

ಮಾರನೇ ವರ್ಷ ಅವ್ವನ ಕಂಕುಳಲ್ಲಿ ಮತ್ತೆ ಗಂಟು ಕಾಣಿಸಿಕೊಂಡಿತು. ಡಾಕ್ಟರು ಬೇಗ ಬನ್ನಿ ಅಂದರು. ಅವ್ವ, "ಆ ಮಂಚದ ಮ್ಯಾಲೆ ನಾನು ಇನ್ನೊಂದ್ಸಲ ಮಲಗಕಿಲ್ಲ ಕಣ್ರವ್ವ, ಬಲವಂತ ಮಾಡಬ್ಯಾಡಿ" ಅಂದಳು. ನಾವು ಬಲವಂತ ಮಾಡಲಿಲ್ಲ. ಅವಳ ಮುಖ ನೋಡಿದರೆ ಯಾರಿಗೂ ಬಾಯಿ ಬರುತ್ತಿರಲಿಲ್ಲ. ಶಿವರಾತ್ರಿಗೆ ಮುಂಚೆಯೇ ಅವಳನ್ನು ಕಳಕೊಂಡೆವು. ಹೋಗಿದ್ದರೆ ಬದುಕುತ್ತಿದ್ದಳೋ ಏನೋ, ಹೇಳುವವರು ಯಾರು? ಹೋಗದೆ ಉಳಿದದ್ದು ಮಾತ್ರ ನೋವಿಗೆ ಹೆದರಿ, ಅದು ನಮಗೆ ಗೊತ್ತು.

ಎರಡು ವರ್ಷದ ಹಿಂದೆ ನನ್ನ ಎಡ ಎದೆಯಲ್ಲಿ ಗಂಟು ಸಿಕ್ಕಿದಾಗ ನಾನೂ ಅಡಗಿ ಕೂತೆ. ದಿನಾ ಊರಿನ ಹೆಂಗಸರಿಗೆಲ್ಲ ಟೇಪು ಹಿಡಿದು ಎದೆಯಳತೆ ತೆಗೆಯುವವಳು, ನನ್ನ ಮೈಗೆ ಮಾತ್ರ ಕೈ ತಾಗಿಸಿಕೊಳ್ಳದೆ ಸ್ನಾನ ಮಾಡುತ್ತಿದ್ದೆ. ಆಷಾಢದಲ್ಲಿ ಬ್ಲೌಸು ಹೊಲಿಸಲು ಯಾರೂ ಬರುವುದಿಲ್ಲವಲ್ಲ, ಕೆಲಸವಿಲ್ಲದೆ ಕೂತಾಗ ಭಯ ಹೆಚ್ಚಾಗಿ, ನಿಮ್ಮ ಭಾವನ ಮುಂದೆ ಬಾಯಿಬಿಟ್ಟೆ. ಅವರು ಅವತ್ತೇ ಮೆಷಿನ್ನಿಗೆ ಬಟ್ಟೆ ಹೊದಿಸಿ, ಬಾಗಿಲಿಗೆ ಬೀಗ ಹಾಕಿ, ನನ್ನನ್ನು ಹಾಸನದ ಬಸ್ಸು ಹತ್ತಿಸಿದರು.

ದಿವ್ಯಾ ಡಾಕ್ಟರನ್ನು ನೋಡಿದ್ದು ಅಲ್ಲಿಯೇ. ಆಪರೇಷನ್ ಮಾಡುವವರು ಬೇರೆ, ಇವರು ಮತ್ತಿನ ಮದ್ದು ಕೊಡುವ ಡಾಕ್ಟರು. ಅರಕಲಗೂಡಿನ ಜವಳಿ ಅಂಗಡಿ ರುದ್ರಯ್ಯನವರ ಮಗಳು, ನಮ್ಮ ಪೈಕಿಯವರೇ. ನನ್ನ ಮಂಚದ ತುದಿಯಲ್ಲಿ ಕೂತು, ನಿಮಗೆ ಯಾವುದಕ್ಕೆ ಭಯ ಅಂತ ಕೇಳಿದರು. ಸಾವಿಗೆ ಅಂತ ಹೇಳಬೇಕಿತ್ತೇನೋ. ನಾನು ಅವ್ವನ ಆ ಸಂಜೆಯ ಕತೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಅಮ್ಮಾರೆ, ಮಲಗಿಸೋಕೆ ಮುಂಚೆ ನಿಮ್ಮ ಬೆನ್ನಿನ ಪಕ್ಕದಲ್ಲಿ, ಎದೆಗೆ ಬರೋ ನರಗಳ ಹತ್ರ ಮರಗಟ್ಟೋ ಮದ್ದು ಹಾಕ್ತೀನಿ. ಎದ್ದಾಗ ಆ ಕಡೆ ಎದೆ ನಿಮ್ಮದೇ ಅಲ್ಲ ಅನ್ನೋ ಹಂಗಿರುತ್ತೆ" ಅಂದರು.

ಬೆನ್ನಿಗೆ ಅಂದದ್ದೇ ತಡ ನಾನು ಮಂಚದಲ್ಲಿ ಹಿಂದಕ್ಕೆ ಸರಿದೆ. ನಿನಗೆ ಏನು ಭಯವೋ ನನಗೂ ಅದೇ. ಸೊಂಟ ಬಿದ್ದುಹೋದರೆ? ಕಾಲು ಬಾರದಿದ್ದರೆ ಮೆಷಿನ್ ತುಳಿಯುವುದು ಹೇಗೆ? ಅವರು ನಗಲಿಲ್ಲ. ಇದು ಬೆನ್ನುಹುರಿಯೊಳಕ್ಕೆ ಹಾಕುವುದಲ್ಲ, ಪಕ್ಕದಲ್ಲಿ, ಅಂತ ನನ್ನ ಬೆನ್ನು ಮುಟ್ಟಿಯೇ ತೋರಿಸಿದರು. ಅಪಾಯ ಇಲ್ಲವೇ ಇಲ್ಲ ಅಂತ ಹೇಳಲ್ಲ, ಅಪರೂಪಕ್ಕೆ ತೊಂದರೆ ಆಗಬಹುದು, ಅದಕ್ಕೇ ನಾನು ಪಕ್ಕದಲ್ಲೇ ಇರ್ತೀನಿ ಅಂತಲೂ ಅಂದರು. ಆ ಮಾತಿನಿಂದ ಭಯ ಹೆಚ್ಚಾಯಿತು, ನಂಬಿಕೆಯೂ ಬಂತು. ಆ ಮದ್ದು ಎಷ್ಟು ಹೊತ್ತು ಇರುತ್ತದೆ ಅಂತ ಕೇಳಿದೆ. "ಬರೀ ಅದೊಂದೇ ಆದ್ರೆ ಸಂಜೆಗೆ ಇಳಿದುಬಿಡುತ್ತೆ. ಅದರ ಜೊತೆ ಇನ್ನೊಂದು ಔಷಧಿ ಸ್ವಲ್ಪವೇ ಸ್ವಲ್ಪ ಬೆರೆಸ್ತೀನಿ. ನೀವು ಬ್ಲೌಸಿಗೆ ಲೈನಿಂಗ್ ಕೊಡಲ್ವಾ, ಬಟ್ಟೆ ಅದೇ, ಬಾಳಿಕೆ ಜಾಸ್ತಿ. ಹಂಗೇ ಇದೂ ಬೆಳಗಿನ ತನಕ ಬಂದರೂ ಬರಬಹುದು. ಸ್ವಲ್ಪ ಮಂಪರಿರುತ್ತೆ, ಬಾಯಿ ಒಣಗುತ್ತೆ, ಬಿಪಿ ಕಮ್ಮಿ ಆಗಬಹುದು, ಅದನ್ನ ನಾವು ನೋಡ್ಕೊತೀವಿ" ಅಂದರು. ಇದನ್ನೆಲ್ಲ ನಿಮ್ಮ ಭಾವನಿಗೂ ಹೇಳಿದರು. ನಿಮ್ಮ ಭಾವ ತಲೆಯಾಡಿಸಿದರು. ಅವರ ತಲೆಯೊಳಕ್ಕೆ ಒಂದಕ್ಷರ ಹೋಗಿರಲಿಲ್ಲ ಅಂತ ಆಮೇಲೆ ತಿಳಿಯಿತು.

ಇನ್ನು ನಮ್ಮ ಅತ್ತೆಯ ವಿಚಾರ. ಅವರು ಹೋಗಿ ಆರು ತಿಂಗಳಾಯಿತು, ಅವರ ಬಗ್ಗೆ ಹಗುರವಾಗಿ ಬರೆಯುವುದಿಲ್ಲ. ನನ್ನನ್ನು ಹೆತ್ತ ಮಗಳಿಗಿಂತ ಹೆಚ್ಚಾಗಿ ನೋಡಿಕೊಂಡವರು. ಅವರಿಗೆ ಎದೆ ಕೊಯ್ಯುವುದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿತ್ತು. ಆಪರೇಷನ್ ಮಾಡುವ ಜಾಗದಲ್ಲಿಯೇ ಲಿಂಗದ ಕರಡಿಗೆ ಇರುತ್ತದೆ, ಅದನ್ನು ಕೊರಳಿಂದ ತೆಗೆಯಲೇಬೇಕು. "ದೀಕ್ಷೆ ಆದ ದಿನದಿಂದ ಮೈ ಬಿಟ್ಟಿಲ್ಲ ಕಣವ್ವ ಅದು. ಅದು ಮೈ ಮ್ಯಾಲಿಲ್ದೆ ನಿನ್ನ ಒಳಕ್ ಕಳಿಸ್ಲಾ?" ಅಂತ ಕೂತಲ್ಲೇ ಅಲುಗಾಡತೊಡಗಿದರು. ಕೊನೆಗೆ ಆಪರೇಷನ್ ಮುಗಿಯುವ ತನಕ ಅದನ್ನು ಅವರೇ ಅಂಗೈಯಲ್ಲಿ ಹಿಡಿದು, ತೊಟ್ಟು ನೀರು ಕುಡಿಯದೆ ಹೊರಗೆ ಕೂತಿದ್ದರು.

ನನ್ನನ್ನು ವಾರ್ಡಿಗೆ ತಂದ ಮೇಲೆ ನರ್ಸಮ್ಮ ಆಚೆ ಹೋಗುವುದನ್ನೇ ಕಾದು, ಅತ್ತೆ ಲಿಂಗವನ್ನು ನನ್ನ ಮೈಗೆ ಸೇರಿಸಿದರು. ಕೊರಳಿಗೆ ಹಾಕಲು ಎದೆಗೆ ಸುತ್ತಿದ ಬ್ಯಾಂಡೇಜು ಅಡ್ಡ. ಬಲಗೈಗೆ ಗ್ಲೂಕೋಸು ಚುಚ್ಚಿದ್ದರು, ಬಿಪಿ ನೋಡುವ ಪಟ್ಟಿಯೂ ಅಲ್ಲೇ. ಲಿಂಗ ಹಿಡಿಯುವ ಕೈಯಂತೂ ಎಡಗೈಯೇ. ಅದು ಖಾಲಿಯಾಗಿಯೂ ಇತ್ತು. ಎಡ ತೋಳಿಗೆ ಶಿವದಾರವನ್ನು ಸುತ್ತಿ ಸುತ್ತಿ, ಮಂಪರಿನಲ್ಲಿ ಹೊರಳಿದರೂ ಕರಡಿಗೆ ಜಾರಿ ನೆಲಕ್ಕೆ ಬೀಳಬಾರದು ಅಂತ ಗಂಟನ್ನು ಬಿಗಿಯಾಗಿ ಹಾಕಿ, ಮೇಲೆ ಶಾಲು ಹೊದಿಸಿ, ಆಮೇಲೆ ನೀರು ಕುಡಿದರು. ಆ ಕೈಗೆ ಏನನ್ನೂ ಕಟ್ಟಬಾರದು ಅಂತ ಡಾಕ್ಟರು ಹೇಳಿದ್ದು ಅವರ ಕಿವಿಗೆ ಬಿದ್ದಿರಲಿಲ್ಲ. ನನಗೋ ಒಂದು ಎಳೆಯೂ ತಿಳಿಯಲಿಲ್ಲ. ಮದ್ದು ಎದೆಯಿಂದ ಮೇಲಕ್ಕೇರಿ ತೋಳಿಗೂ ಇಳಿದಿತ್ತು, ಕೆಲವರಿಗೆ ಹಾಗಾಗುವುದುಂಟಂತೆ. ನೋವಿದ್ದಿದ್ದರೆ ದಾರ ಒತ್ತಿದ ತಕ್ಷಣ ಅಯ್ಯೋ ಅನ್ನುತ್ತಿದ್ದೆ. ನೋವಿರಲಿಲ್ಲ, ಮಲಗಿದೆ. ತೋಳು ಬಾತುಕೊಂಡ ಹಾಗೆ ದಾರ ಇನ್ನಷ್ಟು ಬಿಗಿಯಿತು.

ಸಂಜೆಗೆ ನೀನು ಚನ್ನರಾಯಪಟ್ಟಣದಿಂದ ಗಂಜಿ ತುಂಬಿದ ಫ್ಲಾಸ್ಕ್ ಹಿಡಿದು ಬಂದೆ. ಶಾಲಿನಿಂದ ಆಚೆ ನನ್ನ ಎಡಗೈ ಬೆರಳು ಮಾತ್ರ ಕಾಣುತ್ತಿದ್ದವು. ಊದಿಕೊಂಡು ನೇರಳೆ ಬಣ್ಣಕ್ಕೆ ತಿರುಗಿದ್ದವು. ನೀನು ಮುಟ್ಟಿದೆ, ತಣ್ಣಗಿದ್ದವು. ನಿಮ್ಮ ಭಾವ, "ಇಷ್ಟೊತ್ಗೆ ಸರಿ ಓಗ್ಬೇಕಿತ್ತಲ್ಲ" ಅಂತ ಗೋಡೆಗೆ ಆತು ನಿಂತರು. ಅತ್ತೆ, "ಬೆನ್ನಿಗ್ ಚುಚ್ಬುಟ್ರು, ಸೊಸೆ ಕೈ ಓಯ್ತು ಕಣಪ್ಪಾ" ಅಂತ ಎದೆ ಬಡಿದುಕೊಂಡರು. ನನಗೆ ಅರೆ ಎಚ್ಚರ. ಕಣ್ಣು ಬಿಟ್ಟರೆ ನಿನ್ನ ಮುಖ ಕಂಡಿತು. ಕೈ ಎತ್ತಿ ನಿನ್ನನ್ನು ಹಿಡಿಯೋಣ ಅಂದರೆ ಭುಜದಿಂದ ಕೆಳಗೆ ಏನೂ ಇಲ್ಲ. "ದಾಕ್ಷಿ, ನನ್ನ ಕೈ ಎಲ್ಲಿ?" ಅಂತ ಕೇಳಿದೆ.

ಆಗ ನಿನ್ನ ಮುಖ ಹೇಗಾಯಿತು ಅನ್ನುವುದನ್ನು ನಾನು ಇವತ್ತಿಗೂ ಮರೆತಿಲ್ಲ. ಫ್ಲಾಸ್ಕನ್ನು ಮಂಚದ ಮೇಲೆ ಬಿಟ್ಟು ಓಡಿಹೋದೆ. ಬಸ್ ಸ್ಟ್ಯಾಂಡಿನ ತನಕ ಅಳುತ್ತಲೇ ಹೋದೆಯಂತೆ. ನಿನ್ನನ್ನು ತಪ್ಪು ಅನ್ನುವುದಿಲ್ಲ. ಎದ್ದು ಓಡಲು ಆಗುವಂತಿದ್ದರೆ ನಾನೂ ಓಡುತ್ತಿದ್ದೆ. ಆ ಗಳಿಗೆಯಲ್ಲಿ ನನಗಾದ ಭಯದ ಮುಂದೆ ಅವ್ವನ ನೋವೂ ಚಿಕ್ಕದು ಅನ್ನಿಸಿಬಿಟ್ಟಿತ್ತು. ಮುಲುಕುವುದಕ್ಕಾದರೂ ಅವಳಿಗೆ ನೋವಿತ್ತು. ನನಗೆ ಅದೂ ಇರಲಿಲ್ಲ.

ನೀನು ಕಂಡದ್ದು ಅಷ್ಟು. ಕಾಣದೆ ಹೋದದ್ದನ್ನು ಈಗ ಓದು. ನೀನು ಹೋದ ಸ್ವಲ್ಪ ಹೊತ್ತಿಗೇ ನಿಮ್ಮ ಭಾವ ದಿವ್ಯಾ ಡಾಕ್ಟರನ್ನು ಕರೆದುಕೊಂಡು ಬಂದರು. ಅವರು ಬೆರಳು ನೋಡಿದರು, ಅವರ ಮುಖವೂ ಬಿಳಿಚಿಕೊಂಡಿತು, ಸುಳ್ಳು ಯಾಕೆ ಹೇಳಲಿ. ಶಾಲು ಕಿತ್ತೆಸೆದು ತೋಳು ನೋಡಿದರು. ಶಿವದಾರ ಮಾಂಸದೊಳಕ್ಕೆ ಹೂತುಹೋಗಿತ್ತು. ನರ್ಸಮ್ಮ ಕತ್ತರಿ ತಂದರು. "ಕತ್ತರಿಸ್ಬ್ಯಾಡಿ ಕಣವ್ವಾ" ಅಂತ ಅತ್ತೆ ಅಡ್ಡ ಬಿದ್ದರು. ಡಾಕ್ಟರು, "ಅಜ್ಜಿ, ನಾನೂ ಲಿಂಗ ಕಟ್ಟಿಕೊಂಡೋಳೇ. ದಾರ ಹೋದರೆ ಹೊಸದು ಹಾಕಬಹುದು, ಸೊಸೆ ಕೈ ಹಾಕೋಕಾಗಲ್ಲ" ಅಂದು, ಕರಡಿಗೆಯನ್ನು ತಮ್ಮ ಎಡ ಅಂಗೈಯಲ್ಲಿ ಇಟ್ಟುಕೊಂಡು, ಬಲಗೈಯಿಂದ ದಾರ ಕತ್ತರಿಸಿಬಿಟ್ಟರು. ನಾಡಿ ಸಿಗುವ ತನಕ ಆ ಕರಡಿಗೆಯನ್ನು ಕೆಳಗಿಡಲಿಲ್ಲ. ಆಮೇಲೆ ಅತ್ತೆಯ ಕೈಗೆ ಕೊಟ್ಟು, ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ನನ್ನ ಹತ್ತಿರ ಬಂದರು.

ಬೆರಳಿನ ಬಣ್ಣ ತಿರುಗಿತು. ಸ್ವಲ್ಪ ಹೊತ್ತಿಗೆ ಕಿರುಬೆರಳು ಅಲುಗಿತು, ಅದನ್ನು ನಿಮ್ಮ ಭಾವ ಮೊದಲು ಕಂಡರು. ಬೆಳಗಿನ ಹೊತ್ತಿಗೆ ಪೂರಾ ಕೈ ನನ್ನದಾಯಿತು. ದಾರ ಒತ್ತಿದ ಗುರುತು ಬಹಳ ದಿನ ಇತ್ತು. ಬೆನ್ನಿನ ಸೂಜಿ ನನ್ನ ಕೈಗೆ ಏನೂ ಮಾಡಿರಲಿಲ್ಲ ದಾಕ್ಷಿ. ಕೈಗೆ ಏನಾಗುತ್ತಿದೆ ಅನ್ನುವುದು ನನಗೆ ತಿಳಿಯದ ಹಾಗೆ ಮಾಡಿತ್ತು, ಅಷ್ಟೇ.

ನೀನು ಕೇಳುತ್ತೀಯ, ಅಕ್ಕ ಇದನ್ನು ಆಗಲೇ ಯಾಕೆ ಹೇಳಲಿಲ್ಲ ಅಂತ. ಅತ್ತೆ ಹೊಳೆನರಸೀಪುರದ ಪೇಟೆಬೀದಿಯಲ್ಲೆಲ್ಲ, "ಸೂಜಿ ಆಕಿ ಕೈ ತೆಗ್ದಿದ್ರು, ನಾನು ಲಿಂಗ ಕಟ್ಟಿದ್ಕೇ ಉಳೀತು" ಅಂತ ಹೇಳಿಕೊಂಡು ಬಂದರು. ಆ ಮುದುಕಿಯ ಮುಂದೆ, ನೀವು ಕಟ್ಟಿದ್ದರಿಂದಲೇ ಹಾಗಾಯಿತು ಅನ್ನಲು ಯಾರಿಗೆ ಬಾಯಿ ಬರುತ್ತದೆ? ದಿವ್ಯಾ ಡಾಕ್ಟರೂ ಸುಮ್ಮನೆ ನಕ್ಕು ಹೋದರು. ಆ ಮಾತು ಚನ್ನರಾಯಪಟ್ಟಣದ ತನಕ ಹೋಗಿ, ನಿನ್ನ ಮನೆಯಲ್ಲಿ ಹೀಗೆ ಕೂರುತ್ತದೆ ಅಂತ ನಮಗೆ ಯಾರಿಗೂ ಹೊಳೆಯಲಿಲ್ಲ.

ನೋವಿನ ವಿಚಾರಕ್ಕೆ ಬರುತ್ತೇನೆ. ನೋವು ಬಂತು. ಇಲ್ಲ ಅಂದರೆ ನೀನು ನಂಬುವುದಿಲ್ಲ, ನಂಬಲೂಬಾರದು. ಮಾರನೇ ದಿನ ಬೆಳಗ್ಗೆ ಇಡ್ಲಿ ತಿನ್ನುವಾಗ ಎದೆಯ ಕಡೆ ನಿಧಾನಕ್ಕೆ ಉರಿ ಶುರುವಾಯಿತು. ಮಾತ್ರೆ ಕೊಟ್ಟರು, ತಡೆಯುವಷ್ಟಕ್ಕೆ ಬಂತು. ಆದರೆ ಅವ್ವ ಆ ಸಂಜೆ ಪಟ್ಟದ್ದನ್ನು ನಾನು ಪಡಲಿಲ್ಲ. ಆ ಹೊತ್ತನ್ನೆಲ್ಲ ನಾನು ಮಲಗಿ ಕಳೆದಿದ್ದೆ. ಕೆಮ್ಮಿದೆ, ಮಗ್ಗಲು ತಿರುಗಿದೆ, ಸೆರಗು ಕಚ್ಚಿಕೊಳ್ಳಲಿಲ್ಲ. ಇಡ್ಲಿ ಬಾಯಲ್ಲಿಟ್ಟುಕೊಂಡೇ ಅತ್ತುಬಿಟ್ಟೆ. ಅವ್ವನಿಗೆ ಇಷ್ಟು ಸಿಕ್ಕಿದ್ದರೆ ಇನ್ನೊಂದು ಸಲ ಬರಲು ಒಪ್ಪುತ್ತಿದ್ದಳಲ್ಲ ಅಂತ.

ಇಲ್ಲಿಗೆ ನಿಲ್ಲಿಸಿ ಮಡಿಚಿ ಕವರಿಗೆ ಹಾಕಿದ್ದೆ. ಮತ್ತೆ ತೆಗೆದು ಬರೆಯುತ್ತಿದ್ದೇನೆ. ಇಷ್ಟು ಹೊತ್ತು ದೊಡ್ಡ ಧೈರ್ಯಸ್ಥೆಯ ಹಾಗೆ ನಿನಗೆ ಬುದ್ಧಿ ಹೇಳಿದೆ. ಹೋದ ತಿಂಗಳು ತಪಾಸಣೆಗೆ ಹೋದಾಗ ನನ್ನ ಬಲಗಡೆಯೂ ಒಂದು ಸಿಕ್ಕಿದೆ. ಪರೀಕ್ಷೆಯೂ ಆಯಿತು. ಅದೇ. ಆಪರೇಷನ್ನಿಗೆ ಒಂದು ದಿನ ಕೊಟ್ಟಿದ್ದರು. ಮದುವೆ ಮನೆಯ ಬ್ಲೌಸುಗಳಿವೆ, ಈಗಾಗುವುದಿಲ್ಲ ಅಂತ ಫೋನ್ ಮಾಡಿ ತಪ್ಪಿಸಿಕೊಂಡೆ. ಯಾವ ಮದುವೆಯೂ ಇಲ್ಲ. ನಿಮ್ಮ ಭಾವನಿಗೂ ಹೇಳಿಲ್ಲ. ಇದನ್ನು ತಿಳಿದವಳು ಮನೆಯವರಲ್ಲಿ ನೀನೇ ಮೊದಲು.

ಹೋದ ಸಲ ಏನೂ ಗೊತ್ತಿರಲಿಲ್ಲ, ಗೊತ್ತಿಲ್ಲದ್ದರಿಂದ ಹೋಗಿಬಿಟ್ಟೆ. ಈಗ ಆ ಬಾಗಿಲು ಗೊತ್ತು, ಆ ವಾಸನೆ ಗೊತ್ತು, ಕೈ ಎಲ್ಲಿ ಅಂತ ಕೇಳಿದ ಗಳಿಗೆಯೂ ಗೊತ್ತು. ಈ ಸಲ ಬಲಗೈ, ಕತ್ತರಿ ಹಿಡಿಯುವ ಕೈ. ಮದ್ದಿನ ಬಗ್ಗೆ ನಿನಗೆ ಹೇಳಿದ್ದೆಲ್ಲ ನಿಜ, ನನಗೆ ಚೆನ್ನಾಗಿ ಗೊತ್ತಿದೆ. ಗೊತ್ತಿದ್ದೂ ಆಸ್ಪತ್ರೆಗೆ ಸುಳ್ಳು ಹೇಳಿದೆ. ನಿನ್ನನ್ನು ಬೈಯಲು ಕೂತವಳು ನಿನ್ನ ಹಾಗೆಯೇ ಸೆರಗು ಹೊದ್ದು ಕೂತಿದ್ದೇನೆ ಕಣೇ.

ಇವತ್ತು ಬೆಳಗ್ಗೆ ದಿವ್ಯಾ ಡಾಕ್ಟರಿಗೆ ಫೋನ್ ಮಾಡಿ ನಿನ್ನ ವಿಚಾರ, ನನ್ನ ವಿಚಾರ ಎರಡನ್ನೂ ಹೇಳಿದೆ. ಅವರು ಬೈಯಲಿಲ್ಲ. "ಇಬ್ಬರೂ ಬನ್ನಿ, ಒಂದೇ ದಿನ ಮಾಡಿಸೋಣ, ಅಕ್ಕಪಕ್ಕ ಮಂಚ ಕೊಡ್ತೀನಿ" ಅಂದರು. ಬರುವ ವಾರದ ಗುರುವಾರ. ಬುಧವಾರವೇ ಸೇರಬೇಕು. ನೀನು ಒಪ್ಪಿದ್ದೀಯ ಅಂತ ನಾನೇ ಹೇಳಿಬಿಟ್ಟಿದ್ದೇನೆ. ನಾನು ದೊಡ್ಡವಳು, ಮೊದಲು ನಾನು ಒಳಗೆ ಹೋಗುತ್ತೇನೆ. ಬೆನ್ನಿಗೆ ಸೂಜಿ ಹಾಕುವಾಗ ನನ್ನ ಎದುರಿಗೆ ನಿಂತು ಹಿಡಿದುಕೊಳ್ಳಲು ನಿನ್ನನ್ನು ಒಳಗೆ ಬಿಡುತ್ತಾರಂತೆ, ಕೇಳಿದ್ದೇನೆ. ನನಗೆ ಏನಾಗುತ್ತದೆ ಅಂತ ಪೂರ್ತಿ ನೋಡು. ಈ ಸಲ ಅರ್ಧಕ್ಕೆ ಓಡಬೇಡ. ನೋಡಿದ ಮೇಲೂ ಬೇಡ ಅನ್ನಿಸಿದರೆ ನಿನ್ನಿಷ್ಟ.

ಬುಧವಾರ ಬೆಳಗ್ಗೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ, ಚನ್ನರಾಯಪಟ್ಟಣದ ಬಸ್ಸು ಬಂದು ನಿಲ್ಲುವ ಕಡೆ ಇರುತ್ತೇನೆ. ನೀನು ಇಳಿದರೆ ಇಬ್ಬರೂ ಆಟೋ ಹತ್ತೋಣ. ಇಳಿಯದಿದ್ದರೆ ಮಧ್ಯಾಹ್ನದ ತನಕ ಬರುವ ಬಸ್ಸನ್ನೆಲ್ಲ ನೋಡಿ, ನಾನೂ ಹೊಳೆನರಸೀಪುರದ ಬಸ್ಸು ಹತ್ತಿ ಮನೆಗೆ ಬಂದುಬಿಡುತ್ತೇನೆ. ನಿನ್ನನ್ನು ಹೆದರಿಸಲು ಬರೆದದ್ದಲ್ಲ ಇದು. ಒಬ್ಬಳೇ ಆ ಬಾಗಿಲು ದಾಟುವ ಶಕ್ತಿ ನನ್ನಲ್ಲಿಲ್ಲ, ಅಷ್ಟೇ.

ನಿನ್ನ ನೋವೆಲ್ಲ ನನಗೆ ಬರಲಿ ಅಂತ ಹರಸುವಷ್ಟು ದೊಡ್ಡ ಮನಸ್ಸು ನನಗಿಲ್ಲ ದಾಕ್ಷಿ. ಇಬ್ಬರಿಗೂ ತಡೆಯುವಷ್ಟೇ ಬರಲಿ. ಶಿವ ಇಬ್ಬರನ್ನೂ ಕಾಯಲಿ.

ನಿನ್ನ ದಾರಿ ಕಾಯುವ,
ಪುಕ್ಕಲು ಅಕ್ಕ
ನೀಲಾಂಬಿಕೆ